ಎಲ್ಲರಿಗೂ ಹತ್ತಕ್ಕೆ ಎಂಟು: ಕ್ಲಿನಿಕಲ್ ಸೈಕಾಲಜಿ ಇಂಟರ್ನ್‌ಗಳನ್ನ ಹೇಗೆ ಅಳೀತೀರಿ?

ಹತ್ತಕ್ಕೆಂಟು
ಪೋಸ್ಟಿಂಗ್ (ನಮ್ಮಲ್ಲಿ ಇಂಟರ್ನ್‌ಗಳ ತರಬೇತಿ ಅವಧಿ) ಮುಗಿಯೋ ದಿನ ಮೌಲ್ಯಮಾಪನದ ಫಾರ್ಮ್ ಮೇಜಿಗೆ ಬರುತ್ತೆ. ಹನ್ನೆರಡು ಸಾಲು: ಹಾಜರಿ, ಕೇಸ್ ಹಿಸ್ಟರಿ, ಮಾನಸಿಕ ಸ್ಥಿತಿ ಪರೀಕ್ಷೆ, ಟೆಸ್ಟಿಂಗ್, ವರದಿ, ರೋಗಿ ಜೊತೆ ನಡವಳಿಕೆ, ಹೊಂದಾಣಿಕೆ ಇತ್ಯಾದಿ. ಒಂದೊಂದಕ್ಕೂ ಹತ್ತರಲ್ಲಿ ಅಂಕ. ಎಲ್ಲರಿಗೂ ಎಂಟು ಬೀಳುತ್ತೆ. ಚುರುಕಿದ್ದವರಿಗೆ ಎಂಟೂವರೆ, ರಜೆ ಜಾಸ್ತಿ ಹಾಕಿದವರಿಗೆ ಏಳು. ಅಂದ್ರೆ ನಿಜಕ್ಕೂ ಅಳೆದದ್ದು ಹಾಜರಿ ಒಂದನ್ನೇ.

ಚೆಂದದ ವರದಿ ಬರೆಯೋರಿಗೂ, ರೋಗಿ ಎದುರು ಕೂತು ಮಾತಾಡಿಸೋಕೆ ಬರೋರಿಗೂ ಒಂದೇ ಅಂಕ ಹೋಗ್ತಿದೆ. ವರದಿ ನಮ್ಮ ಕೈಗೆ ಬರುತ್ತೆ, ಮಾತಾಡಿಸೋದು ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತೆ.

ಎರಡು ಬಗೆಯವರ ಬಗ್ಗೆ ಕೇಳ್ತಿದ್ದೀನಿ. ಒಂದರಿಂದ ಮೂರು ತಿಂಗಳಿಗೆ ಬರುವ ಎಂಎಸ್ಸಿ ಸೈಕಾಲಜಿ ವಿದ್ಯಾರ್ಥಿಗಳು, ಮತ್ತೆ ಎರಡು ವರ್ಷದ ಎಂ.ಫಿಲ್ ಟ್ರೈನಿಗಳು. ಏನು ನೋಡ್ತೀರಿ, ಎಷ್ಟು ಸಲ ನೋಡ್ತೀರಿ, ಯಾವಾಗ "ಇವರಿಗೆ ಇನ್ನೂ ಆಗಲ್ಲ" ಅಂತ ಬರೀತೀರಿ? "ಅನುಭವದಲ್ಲಿ ಗೊತ್ತಾಗುತ್ತೆ ಬಿಡಿ" ಅನ್ನೋ ಉತ್ತರ ಮಾತ್ರ ಬೇಡ.

ಕಡತಪುರುಷ
ತಪ್ಪು ಫಾರ್ಮಿನದೇ ಸರ್. ಆರಕ್ಕೂ ಏಳಕ್ಕೂ ಏನು ವ್ಯತ್ಯಾಸ ಅಂತ ಅದರಲ್ಲಿ ಎಲ್ಲೂ ಬರೆದಿಲ್ಲ. ಬರೆದಿಲ್ಲ ಅಂದ್ಮೇಲೆ ಕೈ ತಾನಾಗೇ ಎಂಟಕ್ಕೆ ಹೋಗುತ್ತೆ. ಹತ್ತರ ಲೆಕ್ಕ ಬಿಟ್ಟು ನಾಲ್ಕು ಮೆಟ್ಟಿಲು ಮಾಡಿ, ನಟ್ಟನಡುವೆ ಕೂರೋಕೆ ಜಾಗವೇ ಇರಬಾರದು. ಒಂದೊಂದು ಮೆಟ್ಟಿಲಿಗೂ ಕಣ್ಣಿಗೆ ಕಾಣುವ ಕಿವಿಗೆ ಕೇಳುವ ಕೆಲಸ ಬರೆಯಿರಿ. "ಹಿಸ್ಟರಿ ತೆಗೆಯುವುದು" ಅನ್ನೋ ಒಂದೇ ಸಾಲು ತಗೊಳ್ಳಿ:

1 – ರೋಗಿ ಅಳ್ತಿದ್ರೂ ಪ್ರೊಫಾರ್ಮಾದ (ಅಚ್ಚು ಹಾಕಿದ ಪ್ರಶ್ನೆಪಟ್ಟಿ) ಮುಂದಿನ ಪ್ರಶ್ನೆಗೆ ಹೋಗ್ತಾರೆ, ಇಲ್ಲಾ ಉಪದೇಶ ಶುರು ಮಾಡ್ತಾರೆ.
2 – ಪ್ರಶ್ನೆ ಎಲ್ಲ ಕೇಳ್ತಾರೆ, ಆದ್ರೆ ಎಲ್ಲಾ ಹೌದು–ಇಲ್ಲದ ಪ್ರಶ್ನೆ. ಕಾಯಿಲೆ ಯಾವಾಗ ಶುರುವಾಯ್ತು, ಹೇಗೆ ಬೆಳೀತು ಅನ್ನೋ ಸರಪಳಿ ಸಿಗಲ್ಲ.
3 – ಸರಪಳಿ ಸಿಗುತ್ತೆ. ಕೇಳಿದ್ದನ್ನ ರೋಗಿಗೆ ತಿರುಗಿ ಹೇಳಿ ಖಚಿತ ಮಾಡ್ಕೊಳ್ತಾರೆ. ಮನೆಯವರನ್ನ ಬೇರೆ ಕೂರಿಸಿ ಕೇಳ್ತಾರೆ.
4 – ಇದೆಲ್ಲದರ ಜೊತೆ, ಇಬ್ಬರ ಮಾತು ತಾಳೆಯಾಗದ ಕಡೆ ಹಿಡಿದು ಮತ್ತೆ ಕೇಳ್ತಾರೆ.

ರೋಗಿ ಜೊತೆ ಮಾತಾಡಿಸೋ ಕೌಶಲ ಅಳೆಯೋಕೆ ನೇಪಾಳದಲ್ಲಿ ರೂಪುಗೊಂಡ ಎನಾಕ್ಟ್ ಮಾಪಕ ಹೀಗೇ ಇದೆ. ಈಗ ಅದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ನ ಈಕ್ವಿಪ್ ವೇದಿಕೆಯಲ್ಲಿ ಸಿಗುತ್ತೆ. ಅದರ ಮೊದಲ ಮೆಟ್ಟಿಲು "ಕಡಿಮೆ" ಅಂತಲ್ಲ, "ಹಾನಿಯಾಗಬಹುದು" ಅಂತ. ನಮ್ಮ ಫಾರ್ಮ್‌ಗಳಲ್ಲಿ ಆ ಮಾತಿಗೆ ಜಾಗವೇ ಇಲ್ಲ ನೋಡಿ.

ಮಂಡೆಬಿಸಿ
ಫಾರ್ಮ್ ಬದಲಾದ್ರೆ ಬರೆಯುವ ಕೈ ಬದಲಾಗ್ತದಾ ಮಾರಾಯ್ರೆ? ಈಗ ಹತ್ತಕ್ಕೆ ಎಂಟು, ಆಮೇಲೆ ನಾಲ್ಕಕ್ಕೆ ಮೂರು. ಅಷ್ಟೇ.

ತುಂಗಾತೀರ
ಮಂಡೆಬಿಸಿ ಹೇಳಿದ್ದು ಸರಿ, ಆದ್ರೆ ಪೂರ್ತಿ ಅಲ್ಲ. ನೋಡದೇ ತುಂಬಿದ್ರೆ ಎಂಥ ಫಾರ್ಮೂ ಅಷ್ಟೇ. ಅದಕ್ಕೇ ಐದನೇ ಕಾಲಂ ಒಂದು ಬೇಕು: "ನೋಡಿಲ್ಲ". ಆ ಕಾಲಂ ಇಲ್ಲದಿದ್ದರೆ ಖಾಲಿ ಬಿಡೋಕೆ ಸಂಕೋಚ ಆಗಿ ಜನ ಅಂದಾಜಿಗೆ ತುಂಬ್ತಾರೆ. ವರದಿ ಚೆನ್ನಾಗಿದೆ, ಹಾಗಾಗಿ ಸಂದರ್ಶನವೂ ಚೆನ್ನಾಗೇ ಮಾಡಿರಬೇಕು ಅಂತ.

ಪೂರ್ತಿ ಒಂದು ಗಂಟೆ ಕೂರೋಕೆ ಯಾರಿಗೂ ಪುರುಸೊತ್ತಿಲ್ಲ, ಒಪ್ಪಿದೆ. ಚೂರುಚೂರಾಗಿ ನೋಡಿ. ಒಂದು ಕೇಸಿನ ಮೊದಲ ಏಳೆಂಟು ನಿಮಿಷ, ಇನ್ನೊಂದರ ನಡುವಿನ ಹತ್ತು ನಿಮಿಷ, ಮತ್ತೊಂದರ ಕೊನೆಯ ಐದು ನಿಮಿಷ. ಮೂರೂ ಬೇರೆಬೇರೆ ರೋಗಿಗಳಾಗಿರಲಿ. ಒಂದು ಕೇಸ್ ನೋಡಿ ತೀರ್ಪು ಕೊಟ್ಟರೆ ಆ ರೋಗಿ ಸುಲಭದವರೋ ಕಷ್ಟದವರೋ ಅನ್ನೋದೇ ಅಂಕ ಆಗಿಬಿಡುತ್ತೆ.

ಮೊದಲ ಏಳೆಂಟು ನಿಮಿಷದಲ್ಲಿ ಬೇಕಾದಷ್ಟು ಕಾಣುತ್ತೆ. ತನ್ನ ಹೆಸರು ಹೇಳಿ "ನಾನಿನ್ನೂ ಕಲೀತಿದ್ದೀನಿ, ನಮ್ಮ ಮೇಡಂ ಜೊತೆ ಚರ್ಚೆ ಮಾಡ್ತೀನಿ" ಅಂತ ಹೇಳಿದ್ರಾ? ಹೇಳಿದ್ದು ಗುಟ್ಟಾಗಿರುತ್ತೆ, ಜೀವಕ್ಕೆ ಅಪಾಯ ಅನ್ನಿಸಿದಾಗ ಮಾತ್ರ ಬೇರೆಯವರಿಗೆ ತಿಳಿಸಬೇಕಾಗುತ್ತೆ ಅಂತ ಹೇಳಿದ್ರಾ? ಕುರ್ಚಿ ಯಾರ ಕಡೆ ತಿರುಗಿದೆ? ನಮ್ಮಲ್ಲಿ ರೋಗಿ ಜೊತೆ ಮೂರು ಜನ ಒಳಗೆ ಬರ್ತಾರೆ, ಎಲ್ಲರಿಗಿಂತ ಜೋರಾಗಿ ಮಾತಾಡೋರ ಕಡೆಗೇ ಇಂಟರ್ನ್ ಪೂರ್ತಿ ವಾಲಿರ್ತಾರೆ. ಸೊಸೆ ರೋಗಿ, ಅತ್ತೆ ವಕೀಲರು.

ಅಟ್ಲಾಂಟಿಕ್_ಆಚೆ
ಅಮೆರಿಕದ ಪದ್ಧತಿ ತಿಳಿಸ್ತೀನಿ, ಹೋಲಿಕೆಗೆ ಅಷ್ಟೇ. ಇಲ್ಲಿ ಇಂಟರ್ನ್‌ಶಿಪ್ ಅಂದ್ರೆ ಡಾಕ್ಟರೇಟ್‌ನ ಕೊನೆಯ ಒಂದು ವರ್ಷ, ಪೂರ್ಣಾವಧಿ. ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಮಾನ್ಯತೆ ಬೇಕಿದ್ದರೆ ವಾರಕ್ಕೆ ಕನಿಷ್ಠ 4 ಗಂಟೆ ಮೇಲ್ವಿಚಾರಣೆ, ಅದರಲ್ಲಿ 2 ಗಂಟೆ ಒಬ್ಬರಿಗೆ ಒಬ್ಬರು ಕೂತು. ಪ್ರತಿ ಮೌಲ್ಯಮಾಪನದ ಹಿಂದೆ ನೇರವಾಗಿ ನೋಡಿದ್ದು ಒಂದಾದರೂ ಇರಲೇಬೇಕು. ಒಳಗೆ ಕೂತು ನೋಡಿ, ಕನ್ನಡಿ ಹಿಂದಿನಿಂದ ನೋಡಿ, ರೆಕಾರ್ಡಿಂಗ್ ನೋಡಿ. ಇಂಟರ್ನ್ ಬಾಯಲ್ಲಿ ಕೇಳಿದ್ದು ಮಾತ್ರ ಸಾಲಲ್ಲ.

ಧಾರವಾಡದ್ರೀ
ಅಲ್ರೀ, ವಾರಕ್ಕ 4 ತಾಸು ಅಂತೀರಲ್ಲ, ಇಲ್ಲಿ ಸೋಮವಾರ ಓಪಿಡಿ ಸಾಲು ಗೇಟ್ ತನಕಾ ನಿಂತಿರತೈತಿ. ಒಬ್ಬ ಸೂಪರ್‌ವೈಸರ್, ಕೈಯಾಗ ಆರು ಮಂದಿ. ಕನ್ನಡಿ ರೂಮ್ ಎಲ್ಲಿಂದ ತರೂಣು?

ಆದ್ರ ಒಂದು ಮಾತು. ರೆಕಾರ್ಡಿಂಗ್ ಇಲ್ಲದಿದ್ರ ಬ್ಯಾಡ, ಮಾತಿಗೆ ಮಾತು ಬರಸ್ರಿ. ರೋಗಿ ಹೊರಗ ಹೋದ ಹತ್ತು ನಿಮಿಷದಾಗ, ಬರೇ ಒಂದು ತುಣುಕು: "ನಾ ಅಂದೆ – ಅವರು ಅಂದ್ರು – ನಾ ಅಂದೆ". ಇಪ್ಪತ್ತು ಸಾಲು ಸಾಕು. ಬಲಗಡೆ ಒಂದು ಖಾಲಿ ಕಾಲಂ ಬಿಟ್ಟು, ಆ ಹೊತ್ತಿನ್ಯಾಗ ತನಗ ಏನು ಅನಿಸ್ತು ಅನ್ನೂದನ್ನ ಬರಿಬೇಕು. ಸಂಜಿಗೆ ಬರದ್ರ ಎಲ್ಲಾರೂ ತಮ್ಮ ಮಾತು ತಿದ್ದಿ ಚಂದ ಮಾಡಿ ಬರೀತಾರ, ಅದಕ್ಕ ಹತ್ತು ನಿಮಿಷದ ಗಡುವು. ಮತ್ತ ಕನ್ನಡದಾಗ ಬರಸ್ರಿ. ಇಂಗ್ಲಿಷ್‌ನಾಗ ಬರದ್ರ "ಪೇಷಂಟ್ ರಿಪೋರ್ಟೆಡ್ ಲೋ ಮೂಡ್" ಅಂತ ಬರತೈತಿ. ಆ ಹೆಣ್ಣಮಗಳು ಅಂದಿದ್ದು "ಜೀವಾನ ಬ್ಯಾಸರ ಆಗೇತ್ರಿ" ಅಂತ. ಎರಡೂ ಒಂದೇ ಏನ್ರೀ?

ಮಂಡೆಬಿಸಿ
ಇದು ಮಾತ್ರ ನೂರಕ್ಕೆ ನೂರು. "ನಿಮಗೆ ದುಃಖ ಉಂಟಾ?" ಅಂತ ಕೇಳುವ ಇಂಟರ್ನ್‌ಗಳು ಇದ್ದಾರೆ. ಯಾರು ಮಾರಾಯ್ರೆ ದುಃಖ ಉಂಟು ಅಂತ ಹೇಳುವುದು? ನಮ್ಮ ಕಡೆ ಮಂಡೆಬಿಸಿ ಅಂತಾರೆ, ಚಿಂತೆಗೂ ಅದೇ ಸಿಟ್ಟಿಗೂ ಅದೇ. ಮೈಸೂರು ಕಡೆ ಬೇಜಾರು, ಬೋರ್ ಆದರೂ ಅದೇ ಮನಸ್ಸು ಕುಸಿದರೂ ಅದೇ. "ಬೇಜಾರು ಅಂದ್ರೆ ಹೇಗಾಗ್ತದೆ? ಆವಾಗ ಏನು ಮಾಡ್ತೀರಿ, ಏನು ಮಾಡ್ಲಿಕ್ಕೆ ಆಗುದಿಲ್ಲ?" ಅಂತ ಎರಡನೇ ಪ್ರಶ್ನೆ ಬರ್ತದಾ ಇಲ್ವಾ ನೋಡಿ. ಅದಕ್ಕೊಂದು ಸಾಲು ಇಡಿ ಫಾರ್ಮಿನಲ್ಲಿ.

ಕಡತಪುರುಷ
ಹೊಟ್ಟೆ ಉರಿ, ಎದೆ ಡವಡವ, ಕೈಕಾಲು ಜೋಮು, ಗಾಳಿ ಸೋಕಿದ್ದು, ಧಾತು ಹೋಗೋದು – ಮೊದಲ ವಾರವೇ ಇಂಥ ಮಾತುಗಳ ಪಟ್ಟಿ ಇಂಟರ್ನ್‌ಗಳ ಕೈಲೇ ಮಾಡಿಸಬೇಕು. ಓಪಿಡಿಯಲ್ಲಿ ಕಿವಿಗೆ ಬಿದ್ದಿದ್ದು ಬಿದ್ದ ಹಾಗೇ. ಅರ್ಥ ಆಮೇಲೆ.

ಸ್ಟಾಪ್‌ವಾಚ್
ಎಲ್ಲರೂ ಸಂದರ್ಶನದ ಬಗ್ಗೆಯೇ ಮಾತಾಡ್ತಿದ್ದೀರಿ. ಟೆಸ್ಟಿಂಗ್‌ನಲ್ಲಿ ತಪ್ಪಾದರೆ ಅದು ಬೌದ್ಧಿಕ ವೈಕಲ್ಯದ ಸರ್ಟಿಫಿಕೇಟ್ ಆಗಿ ಮಗುವಿನ ಜೊತೆ ವರ್ಷಗಟ್ಟಲೆ ಓಡಾಡುತ್ತೆ. ಅತಿ ಸಾಮಾನ್ಯ ತಪ್ಪು ಬುದ್ಧಿಶಕ್ತಿಯದ್ದಲ್ಲ, ಕಳೆಯುವ ಲೆಕ್ಕದ್ದು.

ಟೆಸ್ಟ್ ದಿನ 10-6-2025, ಹುಟ್ಟಿದ್ದು 24-9-2016 ಅಂದುಕೊಳ್ಳಿ. ಇಂಟರ್ನ್ 2025ರಲ್ಲಿ 2016 ಕಳೆದು "9 ವರ್ಷ", ಅಂದರೆ 108 ತಿಂಗಳು ಅಂತ ಬರೀತಾರೆ. ಸರಿಯಾಗಿ ಕಳೆದರೆ 8 ವರ್ಷ 8 ತಿಂಗಳು 16 ದಿನ. 15 ದಿನ ದಾಟಿದ್ದರಿಂದ 8 ವರ್ಷ 9 ತಿಂಗಳು, 105 ತಿಂಗಳು. ಈಗ ಬಿನೆ-ಕಾಮತ್ ಬುದ್ಧಿಶಕ್ತಿ ಪರೀಕ್ಷೆಯಲ್ಲಿ ಮಗು 5 ವರ್ಷದ ಮಟ್ಟದ್ದು ಎಲ್ಲಾ ಸರಿ ಹೇಳಿದೆ, ಮೇಲಿನ ಮಟ್ಟಗಳಲ್ಲಿ ಒಟ್ಟು 7 ಪ್ರಶ್ನೆ ಸರಿ, ಒಂದಕ್ಕೆ 2 ತಿಂಗಳಂತೆ 14. ಮಾನಸಿಕ ವಯಸ್ಸು 60 + 14 = 74 ತಿಂಗಳು. 105ರಿಂದ ಭಾಗಿಸಿ 100ರಿಂದ ಗುಣಿಸಿದ್ರೆ ಐಕ್ಯೂ 70.5. 108ರಿಂದ ಭಾಗಿಸಿದ್ರೆ 68.5. ಒಂದು 70ರ ಗಡಿಯ ಈಚೆ, ಇನ್ನೊಂದು ಆಚೆ. ಮಗು ಅದೇ, ಉತ್ತರ ಅವೇ.

ಎರಡನೇ ತಪ್ಪು: ಒಂದಕ್ಕೆ 2 ತಿಂಗಳು ಅನ್ನೋದು 10 ವರ್ಷದ ಮಟ್ಟದವರೆಗೆ. ಮೇಲೆ ಹೋದಂತೆ ತಿಂಗಳ ತೂಕ ಬದಲಾಗುತ್ತೆ, ಅಲ್ಲೂ ಎರಡೆರಡೇ ಕೂಡಿಸಿರ್ತಾರೆ. ಮೂರನೆಯದು: ಎಲ್ಲಾ ಸರಿಯಾದ ಮಟ್ಟ ಸಿಗೋ ತನಕ ಕೆಳಗೆ ಇಳಿಯೋದಿಲ್ಲ, ಎಲ್ಲಾ ತಪ್ಪಾಗೋ ತನಕ ಮೇಲೆ ಹತ್ತೋದಿಲ್ಲ. ಮಗು ಸುಸ್ತಾಯ್ತು ಅಂತ ನಡುವೆ ನಿಲ್ಲಿಸಿ, ಹಾಗೆ ನಿಲ್ಲಿಸಿದ್ದನ್ನ ವರದಿಯಲ್ಲೂ ಬರೆದಿರಲ್ಲ.

ಭಾಟಿಯಾ (ಕೈಯಲ್ಲಿ ಮಾಡಿ ತೋರಿಸೋ ಬುದ್ಧಿಶಕ್ತಿ ಪರೀಕ್ಷೆ) ಹಾಕುವಾಗ ಸಮಯದ ತಪ್ಪು. ಅದರ ಕೋಸ್ ಬ್ಲಾಕ್ ಭಾಗದಲ್ಲಿ ಬಣ್ಣದ ಬ್ಲಾಕ್ ಜೋಡಿಸಿ ಮಾಡೋ 10 ವಿನ್ಯಾಸದಲ್ಲಿ ಮೊದಲ 5ಕ್ಕೆ ತಲಾ 2 ನಿಮಿಷ, ಉಳಿದ 5ಕ್ಕೆ ತಲಾ 3 ನಿಮಿಷ. ಮೊಬೈಲ್ ಸ್ಟಾಪ್‌ವಾಚ್ ಇಟ್ಟುಕೊಂಡು ನಡುವೆ ಮೆಸೇಜ್ ಬಂದರೆ ಕಣ್ಣು ಅಲ್ಲಿಗೆ ಹೋಗುತ್ತೆ. ನೂರಿನ್ನೂರು ರೂಪಾಯಿಯ ಬೇರೆ ಸ್ಟಾಪ್‌ವಾಚ್ ಕೊಡಿಸಿ. ಗಡಿಯಾರ ಮಗುವಿನ ಕಣ್ಣಿಗೆ ರಾಚದ ಹಾಗೆ ಹಿಡಿಯೋದೂ ಕಲಿಸಬೇಕು.

ಬೇವಿನಕಡ್ಡಿ
ತಿದ್ದುಪಡಿ. ಪ್ರಮಾಣಪತ್ರಕ್ಕೆ ಐಕ್ಯೂ ಒಂದೇ ನೋಡಲ್ಲ. ವೈನ್‌ಲ್ಯಾಂಡ್ ಸಾಮಾಜಿಕ ಪ್ರೌಢತೆ ಮಾಪಕವೂ ಬೇಕು. ಹಾಗಾಗಿ 70 ಆಯ್ತಾ 69 ಆಯ್ತಾ ಅಂತ ಅಷ್ಟೊಂದು ಹೆದರಿಸಬೇಡಿ.

ಸ್ಟಾಪ್‌ವಾಚ್
ವೈನ್‌ಲ್ಯಾಂಡ್‌ನಲ್ಲಿ ಸಾಮಾಜಿಕ ವಯಸ್ಸನ್ನ ಯಾವುದರಿಂದ ಭಾಗಿಸ್ತೀರಿ? ಅದೇ ವಯಸ್ಸಿನಿಂದ. ತಪ್ಪು ಎರಡೂ ಕಡೆ ಒಂದೇ ದಿಕ್ಕಿಗೆ ಹೋಗುತ್ತೆ, ಆಮೇಲೆ "ಎರಡೂ ಟೆಸ್ಟ್ ತಾಳೆಯಾಗಿದೆ" ಅಂತ ವರದಿಯಲ್ಲಿ ಖುಷಿಯಿಂದ ಬರೀತಾರೆ!

ವೈನ್‌ಲ್ಯಾಂಡ್‌ನ 89 ಐಟಂ ತಾಯಿಯನ್ನ ಕೇಳುವಾಗ ಇನ್ನೊಂದು ಎಡವಟ್ಟು. "ತಾನಾಗೇ ಊಟ ಮಾಡ್ತಾನಾ?" ಅಂದ್ರೆ ತಾಯಿ "ಮಾಡ್ತಾನೆ" ಅಂತಾರೆ. "ನಿನ್ನೆ ರಾತ್ರಿ ಊಟ ಹೇಗಾಯ್ತು ಹೇಳಿ" ಅಂದ್ರೆ ಅಜ್ಜಿ ಕಲಸಿ ತುತ್ತು ಕೊಟ್ಟಿದ್ದು ಹೊರಗೆ ಬರುತ್ತೆ. ಮಗುವಿಗೆ ಬರಲ್ವೋ, ಮನೆಯಲ್ಲಿ ಮಾಡೋಕೆ ಬಿಡಲ್ವೋ ಅನ್ನೋದೂ ಬೇರೆ ಪ್ರಶ್ನೆ.

ಬೇವಿನಕಡ್ಡಿ
ಅದು ಹೊಳೆದಿರಲಿಲ್ಲ, ಒಪ್ಪಿದೆ.

ಧಾರವಾಡದ್ರೀ
ಬಿನೆ-ಕಾಮತ್ ಅಂದ್ರ ನಮ್ಮ ಸೀಮಿದು ನೋಡ್ರಿ. ಕಾಮತರು 1934ರಾಗ ಪ್ರಕಟಿಸಿದ್ದು ಕನ್ನಡ ಮತ್ತ ಮರಾಠಿ ಮಾತಾಡೂ ಮಕ್ಕಳಿಗಂತ ಮಾಡಿದ ಪರಿಷ್ಕರಣೆ. ಮುಂಬೈ-ಕರ್ನಾಟಕದ ಬಿನೆ ಅಂತನ ಅದರ ಹೆಸರು. ಅಭಿಮಾನ ಬ್ಯಾರೆ, ಆದ್ರ ಅಷ್ಟು ಹಳೇ ಮಾನದಂಡ ಇಟಗೊಂಡು ಒಂದು ಅಂಕದ ಮ್ಯಾಲೆ ಜಗಳ ಅಂದ್ರ ನಗಿ ಬರತೈತಿ.

ಸ್ಟಾಪ್‌ವಾಚ್
ನಗಬೇಡಿ ರೀ, ಅದೇ ದೊಡ್ಡ ವಿಷಯ. ಮಾನದಂಡ ಹಳೆಯದಾದಷ್ಟೂ ಈಗಿನ ಮಕ್ಕಳ ಅಂಕ ಮೇಲಕ್ಕೆ ಉಬ್ಬುತ್ತೆ. ಭಾಟಿಯಾ ನೋಡಿ, 1955ರದ್ದು, ಉತ್ತರ ಪ್ರದೇಶದ 11ರಿಂದ 16 ವರ್ಷದ ಹುಡುಗರ ಮೇಲೆ ನಿಂತಿದ್ದು. ಅದನ್ನ ರಾಯಚೂರಿನ ಹುಡುಗಿಗೆ ಹಾಕಿ ಅಂಕ ಬರೀತೀವಿ. ಇಂಟರ್ನ್ ವರದಿಯಲ್ಲಿ ಈ ಮಿತಿಯ ಬಗ್ಗೆ ಒಂದು ವಾಕ್ಯ ಇದೆಯಾ? ಐಕ್ಯೂ ಒಂದೇ ಸಂಖ್ಯೆಯಾಗಿ ಬಂದಿದೆಯಾ, ಇಷ್ಟರಿಂದ ಇಷ್ಟು ಅಂತ ಬಂದಿದೆಯಾ? ಮೆಟ್ಟಿಲು 3 ಮತ್ತು 4ರ ನಡುವಿನ ವ್ಯತ್ಯಾಸ ಇಲ್ಲೇ ಸಿಗುತ್ತೆ.

ನಿರ್ವಾಹಕ
ಟೆಸ್ಟ್‌ನ ಪ್ರಶ್ನೆ, ಕಾರ್ಡ್ ಚಿತ್ರ, ಉತ್ತರದ ಕೀಲಿ ಯಾರೂ ಇಲ್ಲಿ ಹಾಕಬೇಡಿ. ರೋರ್ಶಾಕ್ (ಶಾಯಿ ಕಲೆ) ಟೆಸ್ಟಿನ ಕಾರ್ಡ್‌ಗಳ ಫೋಟೋ ಹಾಕಿದ್ದ ಒಂದು ಪ್ರತಿಕ್ರಿಯೆ ತೆಗೆದಿದ್ದೇನೆ. ಸಮಯ, ಲೆಕ್ಕದ ಕ್ರಮದ ಚರ್ಚೆಗೆ ಅಡ್ಡಿಯಿಲ್ಲ.

ಮಂಡೆಬಿಸಿ
ಹತ್ತು ಕಾರ್ಡು ಅಂತರ್ಜಾಲದಲ್ಲಿ ಎಲ್ಲಿ ಬೇಕಾದ್ರೂ ಉಂಟು. ಆದ್ರೂ ಸರಿ.

ಎರಡನೇವರ್ಷ
ಟ್ರೈನಿಗಳ ಕಡೆಯಿಂದ ಒಂದು ಮಾತು, ತಪ್ಪು ತಿಳಿಯಬೇಡಿ. ಎಲ್ಲರೂ "ಏನು ನೋಡಬೇಕು" ಅಂತೀರಿ. ಮೊದಲು "ಏನು ತೋರಿಸಿದ್ದೀವಿ" ಅಂತ ಕೇಳ್ಕೊಳ್ಳಿ. ಎಷ್ಟೋ ಕಡೆ ಸೀನಿಯರ್ ರೋಗಿ ಜೊತೆ ಮಾತಾಡೋದನ್ನ ಟ್ರೈನಿ ಒಂದು ಸಲವೂ ನೋಡಿರಲ್ಲ. ಪ್ರೊಫಾರ್ಮಾ ಕೈಗೆ ಕೊಟ್ಟು "ಹೋಗಿ ವರ್ಕಪ್ ಮಾಡ್ಕೊಂಡು ಬನ್ನಿ" ಅಂತ ಕಳಿಸ್ತಾರೆ. ಕೊನೇ ದಿನ ಫಾರ್ಮಿನಲ್ಲಿ "ಬಾಂಧವ್ಯ ಸಾಲದು" ಅಂತ ಬರೀತಾರೆ. ಕೊನೇ ದಿನ ಗೊತ್ತಾಗಿ ಏನು ಪ್ರಯೋಜನ, ಪೋಸ್ಟಿಂಗೇ ಮುಗೀತಲ್ಲ?

ಇನ್ನೊಂದು. ಕೇಸ್ ಕಾನ್ಫರೆನ್ಸ್‌ನಲ್ಲಿ ಎಲ್ಲರ ಎದುರು ಬೈಸಿಕೊಳ್ಳೋದನ್ನ ಫೀಡ್‌ಬ್ಯಾಕ್ ಅನ್ನಬೇಡಿ ದಯವಿಟ್ಟು.

ತುಂಗಾತೀರ
ಸರಿಯಾದ ಮಾತು. ಕ್ರಮ ಹೀಗಿರಬೇಕು. ಮೊದಲು ನೀವು ಮಾಡೋದನ್ನ ಅವರು ನೋಡಲಿ, ಕನಿಷ್ಠ ಎರಡು ಕೇಸ್. ಸುಮ್ಮನೆ ಕೂರಿಸಬೇಡಿ, ಒಂದೊಂದು ಸಲ ಒಂದೊಂದು ಕೆಲಸ ಕೊಡಿ: "ಇವತ್ತು ನಾನು ವಿಷಯ ಬದಲಿಸಿದ ಕಡೆಯೆಲ್ಲ ಗುರುತು ಹಾಕಿ". ಆಮೇಲೆ ಅರ್ಧ ಅವರು, ಅರ್ಧ ನೀವು. ಹಿಸ್ಟರಿ ಅವರು ತೆಗೆದ್ರೆ ಮಾನಸಿಕ ಸ್ಥಿತಿ ಪರೀಕ್ಷೆ ನೀವು. ಆಮೇಲೆ ಪೂರ್ತಿ ಅವರು, ನೀವು ಮೂಲೆಯಲ್ಲಿ. ಕೊನೆಗೆ ಅವರೊಬ್ಬರೇ, ನೀವು ಪಕ್ಕದ ಕೋಣೆಯಲ್ಲಿ.

ಎಂಎಸ್ಸಿಯವರು ಒಂದು ತಿಂಗಳಿಗೆ ಬಂದ್ರೆ ಈ ಕ್ರಮದ ಎರಡನೇ ಹಂತ, ಅಂದ್ರೆ ಅರ್ಧ ಅವರು ಅರ್ಧ ನೀವು ಅನ್ನೋದನ್ನ ದಾಟಬಾರದು. ಅವರ ಫಾರ್ಮ್ ಬೇರೆಯೇ ಇರಬೇಕು: ಗಮನಿಸೋದು, ಬರೆಯೋದು, ಗುಟ್ಟು ಕಾಪಾಡೋದು, ಕೇಳಿ ತಿಳಿಯೋದು. "ಥೆರಪಿ ಕೌಶಲ" ಅನ್ನೋ ಸಾಲು ಆ ಫಾರ್ಮಿನಲ್ಲಿ ಇದ್ದರೆ, ಅವರ ಕೈಲಿ ಯಾರೋ ಥೆರಪಿ ಮಾಡಿಸಿದ್ದಾರೆ ಅಂತ ಅರ್ಥ. ಅದು ಇಂಟರ್ನ್ ತಪ್ಪಲ್ಲ.

ಮತ್ತೆ ನಡುವಿನ ಮೌಲ್ಯಮಾಪನ ಬಿಡಬೇಡಿ. ಮೂರು ತಿಂಗಳ ಪೋಸ್ಟಿಂಗ್ ಆದ್ರೆ ಆರನೇ ವಾರ. ಅಂಕ ಬೇಡ, ಎರಡೇ ವಾಕ್ಯ: ಇದನ್ನ ಹೀಗೇ ಮಾಡ್ತಿರಿ, ಇದನ್ನ ಮುಂದಿನ ಎರಡು ವಾರದಲ್ಲಿ ಹೀಗೆ ಬದಲಿಸಿ. ಅವರೂ ಅದೇ ಫಾರ್ಮನ್ನ ತಮ್ಮ ಬಗ್ಗೆ ತಾವೇ ತುಂಬಿ ತರಲಿ. ಇಬ್ಬರ ಅಂಕ ಎಲ್ಲಿ ಎರಡು ಮೆಟ್ಟಿಲು ದೂರ ಇದೆಯೋ ಅಲ್ಲಿಂದಲೇ ಮಾತು ಶುರು ಮಾಡಿ.

ಬೇವಿನಕಡ್ಡಿ
ಒಂದು ಸಾಲನ್ನ ಮಾತ್ರ ಸರಾಸರಿಗೆ ಸೇರಿಸಬೇಡಿ: ಆತ್ಮಹತ್ಯೆಯ ಅಪಾಯ ವಿಚಾರಿಸೋದು. ಉಳಿದ ಹನ್ನೊಂದರಲ್ಲಿ 4 ಬಂದು ಇದರಲ್ಲಿ 1 ಬಂದ್ರೆ ಸರಾಸರಿ ಚೆನ್ನಾಗೇ ಕಾಣುತ್ತೆ. ರೋಗಿ ಮನೆಗೆ ಹೋಗ್ತಾರೆ.

ಇಂಟರ್ನ್ ಕೇಳೋ ರೀತಿ ಗಮನಿಸಿ: "ಸಾಯಬೇಕು ಅಂತೆಲ್ಲ ಯೋಚನೆ ಏನೂ ಇಲ್ಲ ಅಲ್ವಾ?" ಪ್ರಶ್ನೆಯಲ್ಲೇ ಉತ್ತರ ಇದೆ. ತಲೆ ಅಡ್ಡ ಆಡಿಸಿಬಿಟ್ರೆ ಇಬ್ಬರಿಗೂ ನಿರಾಳ. ಅದೂ ಗಂಡ ಪಕ್ಕದಲ್ಲಿ ಕೂತಿರುವಾಗ. ಬರಬೇಕಾದ ರೀತಿ: ಮನೆಯವರನ್ನ ಹೊರಗೆ ಕೂರಿಸಿ, ಮೆಟ್ಟಿಲುಮೆಟ್ಟಿಲಾಗಿ. "ಇಷ್ಟೊಂದು ಕಷ್ಟದಲ್ಲಿ ಕೆಲವರಿಗೆ ಬದುಕೇ ಬೇಡ ಅನ್ನಿಸುತ್ತೆ. ನಿಮಗೆ ಹಾಗೆ ಅನ್ನಿಸಿದ್ದಿದೆಯಾ?" ಹೌದು ಅಂದ್ರೆ, "ಸಾಯಬೇಕು ಅಂತ ಅನ್ನಿಸುತ್ತಾ? ಕೊನೇ ಸಲ ಯಾವಾಗ ಅನ್ನಿಸ್ತು? ಹೇಗೆ ಅಂತ ಯೋಚನೆ ಬಂದಿತ್ತಾ? ಹಿಂದೆ ಏನಾದ್ರೂ ಮಾಡ್ಕೊಂಡಿದ್ದಿದೆಯಾ? ಇವತ್ತು ಏನು ತಡೀತಿದೆ?" ಕೇಳಿದ್ರೆ ತಲೆಗೆ ತುಂಬಿದ ಹಾಗಾಗುತ್ತೆ ಅನ್ನೋ ಭಯ ಎಲ್ಲಾ ಹೊಸಬರಿಗೂ ಇರುತ್ತೆ. ಹಾಗಾಗಲ್ಲ ಅಂತ ಬರೀ ಹೇಳಿದ್ರೆ ಸಾಲಲ್ಲ, ರೋಲ್‌ಪ್ಲೇನಲ್ಲಿ ಆ ಮಾತು ಬಾಯಿಂದ ಹತ್ತು ಸಲ ಹೊರಗೆ ಬರಬೇಕು.

ಹಳ್ಳಿ ಕಡೆಯ ಕೇಸ್ ಆದ್ರೆ ಇನ್ನೊಂದು ಪ್ರಶ್ನೆ ಕಡ್ಡಾಯ: ಹೊಲಕ್ಕೆ ಹೊಡೆಯೋ ಔಷಧಿ ಮನೆಯಲ್ಲಿ ಎಲ್ಲಿ ಇಟ್ಟಿದ್ದೀರಿ? ಬೀಗ ಯಾರ ಹತ್ತಿರ ಇದೆ? ಆಮೇಲೆ ಅದೇ ದಿನ ಸೀನಿಯರ್‌ಗೆ ತಿಳಿಸಿದ್ರಾ, ಕಡತದಲ್ಲಿ ಗಂಟೆ ಸಮೇತ ಬರೆದ್ರಾ, ಮನೆಯವರಲ್ಲಿ ಯಾರು ಜೊತೆಗಿರ್ತಾರೆ ಅಂತ ಗೊತ್ತು ಮಾಡಿದ್ರಾ, ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆ ಚೀಟಿಯಲ್ಲಿ ಬರೆದುಕೊಟ್ರಾ. ಇದರಲ್ಲಿ ಒಂದು ತಪ್ಪಿದ್ರೂ ಒಬ್ಬರೇ ರೋಗಿ ನೋಡೋ ಹಂತಕ್ಕೆ ಬಿಡಬಾರದು. ಪಾಸ್ ಇಲ್ಲಾ ಮತ್ತೆ ಮಾಡು, ಅಷ್ಟೇ.

ಕಡತಪುರುಷ
ಪೂರ್ತಿ ಸಹಮತ. ಗುಟ್ಟು ಕಾಪಾಡೋದನ್ನೂ ಇದೇ ಪಟ್ಟಿಗೆ ಸೇರಿಸಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೌಪ್ಯತೆಯನ್ನ ರೋಗಿಯ ಹಕ್ಕು ಅಂತಲೇ ಹೇಳಿದೆ. ಉತ್ತರದ ಹಾಳೆಯ ಫೋಟೋ ತೆಗೆದು "ಸ್ಕೋರಿಂಗ್ ಸರಿಯಿದೆಯಾ ನೋಡ್ರೋ" ಅಂತ ಬ್ಯಾಚ್‌ಮೇಟ್‌ಗಳ ವಾಟ್ಸ್ಆ್ಯಪ್ ಗುಂಪಿಗೆ ಹಾಕೋದು, ಹಿಸ್ಟರಿಯನ್ನ ಚಾಟ್‌ಬಾಟ್‌ಗೆ ಸುರಿದು ವರದಿ ಬರೆಸೋದು, ಎರಡೂ ಒಂದೇ ತಪ್ಪು. ಮೊದಲ ದಿನವೇ ಬರವಣಿಗೆಯಲ್ಲಿ ಹೇಳಿ ಸಹಿ ಹಾಕಿಸಿಕೊಳ್ಳಿ.

ಮಂಡೆಬಿಸಿ
ಮಾನಸಿಕ ಸ್ಥಿತಿ ಪರೀಕ್ಷೆಯ ಕಥೆ ಯಾರೂ ಹೇಳ್ಲಿಲ್ಲ. ವಿವೇಚನೆ ನೋಡ್ಲಿಕ್ಕೆ "ದಾರಿಯಲ್ಲಿ ಸ್ಟಾಂಪ್ ಹಚ್ಚಿದ ಕಾಗದ ಬಿದ್ದಿದೆ, ಏನು ಮಾಡ್ತೀರಿ?" ಅಂತ ಇನ್ನೂ ಕೇಳ್ತಾರೆ. ಹದಿನೇಳರ ಹುಡುಗ ಅಂಚೆ ಡಬ್ಬಿ ಕಂಡಿದ್ದಾನಾ ಅಂತ ಬೇಡವಾ? "ಯಾರದ್ದೋ ಮೊಬೈಲ್ ಬಸ್ಸಿನಲ್ಲಿ ಬಿದ್ದಿದೆ" ಅನ್ನಿ, ಮುಗೀತು.

ಧಾರವಾಡದ್ರೀ
100ರಾಗ 7 ಕಳಿರಿ ಅಂತ ಸಾಲಿ ಮುಖಾನೂ ನೋಡದ ಅಜ್ಜಿಗೆ ಕೇಳತಾರ. ತಪ್ಪು ಹೇಳಿದ್ರ "ಏಕಾಗ್ರತೆ ಕುಂದಿದೆ" ಅಂತ ಬರೀತಾರ. 40ರಾಗ 3, ಇಲ್ಲಾ 20ರಾಗ 1 ಕೇಳ್ರಿ, ಇಲ್ಲಾ ವಾರದ ಹೆಸರು ಹಿಂದ್ಮುಂದ ಹೇಳಸ್ರಿ. ಅದೇ ಅಜ್ಜಿ ಸಂತ್ಯಾಗ ಐನೂರರ ನೋಟಿಗೆ ಚಿಲ್ಲರ ಎಣಿಸಿ ತಗೋತಾಳ. ತಾರೀಖು ಕೇಳಿದ್ರ ಗೊತ್ತಿಲ್ಲ ಅಂತಾಳ, ಅಮಾಸಿ ಯಾವಾಗ ಅಂದ್ರ ಥಟ್ಟನೆ ಹೇಳತಾಳ. ಕಾಲದ ಪ್ರಜ್ಞೆ ಅಂದ್ರ ಕ್ಯಾಲೆಂಡರ್ ಒಂದ ಏನ್ರೀ?

ಎರಡನೇವರ್ಷ
ಗಾದೆಗಳೂ ಅಷ್ಟೇ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ" ಅಂದ್ರೇನು ಅಂತ ಕೇಳಿದ್ರೆ ಗಾದೆ ವಿಸ್ತರಣೆ ಬರೆದು ಹತ್ತನೇ ಕ್ಲಾಸ್ ಪಾಸಾದವರು ಬಾಯಿಪಾಠ ಒಪ್ಪಿಸ್ತಾರೆ. ಅದು ಅಮೂರ್ತ ಚಿಂತನೆಯಾ ನೆನಪಿನ ಶಕ್ತಿಯಾ?

ತುಂಗಾತೀರ
ಅದಕ್ಕೇ "ಇದು ಎಂಥ ಸಂದರ್ಭದಲ್ಲಿ ಹೇಳ್ತಾರೆ, ನಿಮ್ಮೂರಲ್ಲಿ ಒಂದು ಉದಾಹರಣೆ ಕೊಡಿ" ಅಂತ ಮುಂದುವರಿಸಬೇಕು. ಜೊತೆಗೆ ಹೋಲಿಕೆ–ವ್ಯತ್ಯಾಸ ಕೇಳಿ, ನದಿಗೂ ಕೆರೆಗೂ ಏನು ಹೋಲಿಕೆ ಅಂತ.

ಮೂಲ ಪ್ರಶ್ನೆಗೆ ಬರೋಣ. ವರದಿ ತಿದ್ದೋರು ಒಂದು ವಾಕ್ಯದ ಮೇಲೆ ಕಣ್ಣಿಡಿ: "ಮಾಹಿತಿ ನಂಬಲರ್ಹ ಮತ್ತು ಸಾಕಷ್ಟಿದೆ". ಎಲ್ಲ ಕಡತದಲ್ಲೂ ಮುದ್ರೆ ಒತ್ತಿದ ಹಾಗೆ ಇರುತ್ತೆ. ಮಾಹಿತಿ ಕೊಟ್ಟಿದ್ದು ಬೇರೆ ಊರಲ್ಲಿರೋ ಅಣ್ಣ, ವರ್ಷಕ್ಕೆ ಎರಡು ಸಲ ಮನೆಗೆ ಬರೋರು. ಹೇಗೆ ಸಾಕಷ್ಟಾಯ್ತು? "ಇದನ್ನ ಏನು ನೋಡಿ ಬರೆದ್ರಿ?" ಅಂತ ಕೇಳಿ. ಉತ್ತರ ಬಂದ್ರೆ ಅಂಕ, ಬರದಿದ್ರೆ ಆ ವಾಕ್ಯ ಹೊಡೆದು ಹಾಕಿ.

ಸ್ಟಾಪ್‌ವಾಚ್
ಸಹಿಯ ವಿಷಯವೂ ಬರಲಿ. 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆಯ ಪ್ರಕಾರ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ವೃತ್ತಿ ಮಾಡೋಕೆ ಕೇಂದ್ರೀಯ ಪುನರ್ವಸತಿ ರಿಜಿಸ್ಟರ್‌ನಲ್ಲಿ ಹೆಸರಿರಬೇಕು. ಇಂಟರ್ನ್ ವರದಿ ತಯಾರು ಮಾಡಬಹುದು, ಹೊರಗೆ ಹೋಗೋ ವರದಿಗೆ ನೋಂದಣಿ ಸಂಖ್ಯೆ ಸಮೇತ ಸೂಪರ್‌ವೈಸರ್ ಸಹಿ ಬೇಕು. ಉತ್ತರ ಹಾಳೆ ನೋಡದೇ ಸಹಿ ಹಾಕೋರಿಗೆ ಮೇಲಿನ 108–105ರ ಲೆಕ್ಕ ಇನ್ನೊಮ್ಮೆ ಓದಿಸಿ.

ಅಟ್ಲಾಂಟಿಕ್_ಆಚೆ
ಎರಡನೇ ವರ್ಷದವರ ಥೆರಪಿ ಅಳೆಯೋಕೆ, ಅದು ಸಿಬಿಟಿ (ಯೋಚನೆ, ನಡವಳಿಕೆ ಬದಲಿಸೋ ಮಾತಿನ ಚಿಕಿತ್ಸೆ) ಆಗಿದ್ರೆ, ಕಾಗ್ನಿಟಿವ್ ಥೆರಪಿ ರೇಟಿಂಗ್ ಸ್ಕೇಲ್ ಇದೆ. 11 ಅಂಶ, ಒಂದೊಂದಕ್ಕೆ 0ರಿಂದ 6, ಒಟ್ಟು 66. ಸಾಮಾನ್ಯವಾಗಿ 40 ಬಂದ್ರೆ ಸಮರ್ಥರು ಅಂತ ತಗೊಳ್ತಾರೆ. ರೋಗಿಯ ಲಿಖಿತ ಒಪ್ಪಿಗೆ ಪಡೆದು ಧ್ವನಿ ಮುದ್ರಿಸಿ. ಆಸ್ಪತ್ರೆಯ ಉಪಕರಣದಲ್ಲೇ, ಇಂಟರ್ನ್ ಫೋನಿನಲ್ಲಿ ಅಲ್ಲ. ಯಾವ ದಿನ ಅಳಿಸ್ತೀರಿ ಅಂತ ಒಪ್ಪಿಗೆ ಪತ್ರದಲ್ಲೇ ಬರೆದಿರಬೇಕು. ಟೇಪ್ ಆಯ್ಕೆ ಇಂಟರ್ನ್‌ಗೆ ಬಿಟ್ರೆ ಚೆಂದದ್ದೇ ತರ್ತಾರೆ. ಒಂದು ಅವರು ಆರಿಸಲಿ, ಒಂದು ನೀವು.

ಎರಡನೇವರ್ಷ
ಎಂ.ಫಿಲ್ಲೇ ನಿಲ್ತಿದೆಯಲ್ಲ, ಇದೆಲ್ಲ ಯಾರಿಗೆ? ಯುಜಿಸಿ 2024ರ ಜನವರಿಯಲ್ಲಿ ಕ್ಲಿನಿಕಲ್ ಸೈಕಾಲಜಿಗೆ 2025-26ರ ತನಕ ಮಾತ್ರ ಅವಕಾಶ ಕೊಟ್ಟಿದ್ದು.

ಕಡತಪುರುಷ
ಪದವಿಯ ಹೆಸರು ಏನೇ ಆಗಲಿ, ರೋಗಿ ಎದುರು ಕೂರೋರು ಇದ್ದೇ ಇರ್ತಾರಲ್ಲ. ಆ ಚರ್ಚೆಗೆ ಬೇರೆ ಎಳೆ ತೆಗೀರಿ, ಇಲ್ಲಿ ಶುರುವಾದ್ರೆ ಮುಗಿಯಲ್ಲ.

ಹತ್ತಕ್ಕೆಂಟು
ಇಷ್ಟು ಬರುತ್ತೆ ಅಂದ್ಕೊಂಡಿರಲಿಲ್ಲ. ಒಂದು ಪ್ರಶ್ನೆ ಉಳೀತು. ಆರನೇ ವಾರದಲ್ಲಿ ಒಬ್ಬರು 1ರಲ್ಲೇ ಇದ್ದಾರೆ ಅಂತ ಖಚಿತವಾಯ್ತು ಅಂದ್ಕೊಳ್ಳಿ. ಮುಂದೇನು? "ಹುಡುಗಿ ಒಳ್ಳೆಯವಳು, ಯಾಕೆ ವರ್ಷ ಹಾಳು ಮಾಡ್ತೀರಿ" ಅಂತ ನಾಲ್ಕು ಕಡೆಯಿಂದ ಒತ್ತಡ ಬರುತ್ತೆ.

ಬೇವಿನಕಡ್ಡಿ
ಮೊದಲು ಇನ್ನೊಬ್ಬ ಸೂಪರ್‌ವೈಸರ್ ನೋಡಲಿ, ನಿಮ್ಮ ಅಂಕ ಅವರಿಗೆ ಹೇಳಬೇಡಿ. ಇಬ್ಬರದ್ದೂ ಒಂದೇ ಬಂದ್ರೆ ಬರವಣಿಗೆಯಲ್ಲಿ ಯೋಜನೆ ಮಾಡಿ. "ಸಂವಹನ ಸುಧಾರಿಸಬೇಕು" ಅಂತಲ್ಲ. "ಮುಂದಿನ ನಾಲ್ಕು ವಾರ, ವಾರಕ್ಕೆ ಎರಡು ರೋಲ್‌ಪ್ಲೇ, ಒಂದು ಜೊತೆಗೂಡಿದ ಸಂದರ್ಶನ, ಒಂದು ಮಾತಿಗೆ ಮಾತಿನ ಬರಹ. ಇಂಥ ತಾರೀಖಿಗೆ ಇದೇ ಸಾಲಿನಲ್ಲಿ 3 ಬರಬೇಕು, ಬರದಿದ್ರೆ ಪೋಸ್ಟಿಂಗ್ ಇಷ್ಟು ವಾರ ಮುಂದುವರಿಯುತ್ತೆ" ಅಂತ. ಅಲ್ಲಿಯವರೆಗೆ ಒಬ್ಬರೇ ರೋಗಿ ನೋಡೋ ಹಾಗಿಲ್ಲ. ಇಬ್ಬರ ಸಹಿ, ಒಂದು ಪ್ರತಿ ಟ್ರೈನಿ ಕೈಗೆ.

ಅದಕ್ಕೂ ಮೊದಲು ಒಂದು ವಿಚಾರಿಸಿ: ಭಾಷೆ ಸಮಸ್ಯೆಯಾ, ನಿದ್ದೆ ಇಲ್ವಾ, ಮನೆಯಲ್ಲಿ ಏನಾದ್ರೂ ನಡೀತಿದೆಯಾ, ಅಥವಾ ಇಂಥ ರೋಗಿಗಳ ಜೊತೆ ಮಾತ್ರ ಕಷ್ಟವಾ? ಕೇರಳದಿಂದ ಬಂದವರಿಗೆ ಕನ್ನಡ ಬರದಿದ್ರೆ ಅದು ಬೇರೆ ಪಾಠ, ಬೇರೆ ಯೋಜನೆ. ಆದ್ರೆ ನೀವೇ ಟ್ರೈನಿಗೆ ಥೆರಪಿಸ್ಟ್ ಆಗಬೇಡಿ. ಅಂಕ ಹಾಕೋರ ಎದುರು ಯಾರೂ ಮನಸ್ಸು ಬಿಚ್ಚಲ್ಲ, ಬಿಚ್ಚಲೂಬಾರದು. ಬೇರೆಯವರ ಹತ್ತಿರ ಕಳಿಸಿ.

ಒತ್ತಡ ಹಾಕೋರಿಗೆ ತೋರಿಸೋಕೆ ತಾರೀಖು ಹಾಕಿದ ಮೂರು ಹಾಳೆ ಇದ್ದರೆ ಸಾಕು. ಹಾಳೆ ಇಲ್ಲದಿದ್ರೆ ನೀವು ಕೆಟ್ಟವರು, ಅಷ್ಟೇ.

ಹತ್ತಕ್ಕೆಂಟು
ಸರಿ. ಹಾಜರಿ ಸಾಲು ತೆಗೀತೀನಿ, ಅದಕ್ಕೆ ರಿಜಿಸ್ಟರ್ ಇದೆ. ಅಪಾಯದ ವಿಚಾರಣೆ, ಗುಟ್ಟು ಎರಡೂ ಪಾಸ್–ಮತ್ತೆಮಾಡು. ಉಳಿದವು ನಾಲ್ಕು ಮೆಟ್ಟಿಲು, ಪಕ್ಕದಲ್ಲಿ "ನೋಡಿಲ್ಲ" ಕಾಲಂ.

ಮಂಡೆಬಿಸಿ
ಎಲ್ಲರಿಗೂ 3 ಬೀಳ್ತದೆ ನೋಡಿ.

ಹತ್ತಕ್ಕೆಂಟು
ಹೋದ ಬ್ಯಾಚ್‌ನ ಫಾರ್ಮನ್ನ ಹೊಸದರಲ್ಲಿ ಪ್ರಾಮಾಣಿಕವಾಗಿ ತುಂಬಿ ನೋಡಿದೆ. 3 ಅಲ್ಲ ಸ್ವಾಮಿ, ಏಳು ಸಾಲಿಗೆ "ನೋಡಿಲ್ಲ" ಬಂತು.